ಓದುಗರ ಪ್ರಶ್ನೆ, ನಮ್ಮ ಉತ್ತರ: ಆದಾಮನ ಡೈರಿ ಓದಿ ನಕ್ಕವರು, ನೊಂದವರು

ಹೋದ ತಿಂಗಳು ಈ ಅಂಕಣದಲ್ಲಿ ಅಮೆರಿಕದ ಹಾಸ್ಯ ಬರಹಗಾರ ಮಾರ್ಕ್ ಟ್ವೇನ್ ಬರೆದ ಎರಡು ಪುಟ್ಟ ಪುಸ್ತಕಗಳ ಬಗ್ಗೆ ಹೇಳಿದ್ದೆ. ಒಂದು ಆದಾಮನ ದಿನಚರಿ, ಇನ್ನೊಂದು ಹವ್ವಳ ದಿನಚರಿ. ಬೈಬಲ್ಲಿನ ಮೊದಲ ಗಂಡ ಹೆಂಡತಿ ಏದೆನ್ ತೋಟದಲ್ಲಿ ಕೂತು ದಿನಾ ಡೈರಿ ಬರೆದಿದ್ದರೆ ಹೇಗಿರುತ್ತಿತ್ತು ಅಂತ ಕಲ್ಪಿಸಿಕೊಂಡು ಬರೆದದ್ದು. ಅದಕ್ಕೆ ಬಂದ ಕಾಗದ, ಇಮೇಲು, ವಾಟ್ಸಾಪ್ ಮೆಸೇಜು ಈ ಸಲ ತುಂಬಾ ಜಾಸ್ತಿ. ಕೆಲವರು ನಕ್ಕಿದ್ದಾರೆ, ಕೆಲವರಿಗೆ ಬೇಜಾರಾಗಿದೆ, ಇಬ್ಬರು ಚೆನ್ನಾಗಿ ಬೈದಿದ್ದಾರೆ. ಅದಕ್ಕೇ ಈ ತಿಂಗಳ ಜಾಗವೆಲ್ಲ ಇದಕ್ಕೇ ಇಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಎಲ್ಲರದೂ ಊರು ಮಾತ್ರ ಹಾಕಿದೆ.

ಪ್ರಶ್ನೆ (ಮಂಗಳೂರು): ಮೇಡಂ, ನಾನು ನಿವೃತ್ತ ಮಾಸ್ತರ. ಸಂಡೇ ಸ್ಕೂಲಿನಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡ ಹೇಳಿಕೊಟ್ಟವನು. ನಿಮಗೆ ಅದು ಕತೆ ಇರಬಹುದು, ನಮಗೆ ಅದು ದೇವರ ವಾಕ್ಯ. ಅದನ್ನು ತಮಾಷೆ ಮಾಡಿ ನಗುವುದು ಸರಿ ಅನ್ನಿಸುತ್ತದಾ?

ಉತ್ತರ: ಮಾಸ್ತರೇ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಬೈದಿಲ್ಲ, ಕೇಳಿದ್ದೀರಿ. ಅದಕ್ಕೆ ಮೊದಲ ಉತ್ತರ ನಿಮಗೇ.

ಆದಾಮನ ದಿನಚರಿಯಲ್ಲಿ ನಗು ಬರುವುದು ಯಾರನ್ನು ನೋಡಿ? ದೇವರನ್ನು ನೋಡಿ ಅಲ್ಲ, ದೇವರ ಪಾತ್ರವೇ ಅಲ್ಲಿ ಇಲ್ಲ ಅನ್ನಬಹುದು. ನಗು ಬರುವುದು ಆದಾಮನನ್ನು ನೋಡಿ. ಒಬ್ಬನೇ ಆರಾಮಾಗಿದ್ದ, ಎಲ್ಲಿಂದಲೋ ಉದ್ದ ಕೂದಲಿನ ಹೊಸ ಪ್ರಾಣಿಯೊಂದು ಬಂತು, ಹಿಂದೆ ಹಿಂದೆ ಸುತ್ತುತ್ತದೆ, ಬಾಯಿ ಮುಚ್ಚುವುದಿಲ್ಲ ಅಂತ ಅವನ ದೂರು. ನಿನ್ನ ಪಕ್ಕೆಲುಬಿನಿಂದಲೇ ನನ್ನನ್ನು ಮಾಡಿದ್ದು ಅಂತ ಅವಳು ಹೇಳಿದರೆ, ನನ್ನ ಪಕ್ಕೆಲುಬು ಯಾವುದೂ ಕಡಿಮೆಯಾದ ಹಾಗೆ ಕಾಣುವುದಿಲ್ಲವಲ್ಲ ಅಂತ ಬರೆದುಕೊಳ್ಳುತ್ತಾನೆ. ನೀರಿನಲ್ಲಿ ಮೀನುಗಳಿಗೆ ಚಳಿಯಾಗುತ್ತದೆ ಅಂತ ಅವಳು ಅವನ್ನೆಲ್ಲ ಎತ್ತಿ ತಂದು ಅವನ ಹಾಸಿಗೆಯಲ್ಲಿ ಮಲಗಿಸುತ್ತಾಳೆ. ಇದರಲ್ಲಿ ನನಗೆ ಕಾಣುವುದು ಹೊಸದಾಗಿ ಮದುವೆಯಾದ ಯಾವುದೇ ಮನೆ.

ನಾನು ಈ ಪುಸ್ತಕವನ್ನು ಮೊದಲು ಓದಿದ್ದು ನನಗೋಸ್ಕರ ಅಲ್ಲ, ಬೇರೆಯವರಿಗೆ ಓದಿ ಹೇಳಲು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ವಯಸ್ಸಾದ ಕ್ರಿಶ್ಚಿಯನ್ ಹೆಂಗಸು ಇದ್ದರು, ನಾವು ಬಾಯಮ್ಮ ಅಂತಲೇ ಕರೆಯುತ್ತಿದ್ದದ್ದು. ಒಂದು ದಿನವೂ ಬೆಳಗಿನ ಪೂಜೆ ತಪ್ಪಿಸಿದವರಲ್ಲ, ರಾತ್ರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳದೆ ಮಲಗಿದವರಲ್ಲ. ಡಿಸೆಂಬರಿನಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ, ಮಾಡುವಾಗ ನಾನು ಅವರ ಅಡುಗೆಮನೆಯಲ್ಲೇ ಇರುತ್ತಿದ್ದೆ. ಅವರು ಕಿಡ್ಯೊ ಮಾಡುತ್ತಿದ್ದರು, ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ ಪೇಪರಿನ ಮೇಲೆ ಹಾಕುವುದು. ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮಗು ಕಾಯಿನ ಹುಟ್ಟುವ ಭಾಗ ಬಂತು. ಆದಾಮ ಅದುವರೆಗೆ ಮಗುವನ್ನೇ ನೋಡಿದವನಲ್ಲ. ಅವನು ಬೇಟೆಗೆ ಹೋಗಿದ್ದಾಗ ಹೆಂಡತಿ ಇದನ್ನು ಎಲ್ಲೋ ಹಿಡಿದು ತಂದಿದ್ದಾಳೆ ಅಂತಲೇ ಅವನ ಲೆಕ್ಕ. ಮೊದಲು ಮೀನು ಅಂದುಕೊಳ್ಳುತ್ತಾನೆ, ಹೌದೋ ಅಲ್ಲವೋ ನೋಡಲು ನೀರಿಗೆ ಬಿಡುತ್ತಾನೆ, ಅವಳು ಓಡಿಬಂದು ಎತ್ತಿಕೊಳ್ಳುತ್ತಾಳೆ. ಆಮೇಲೆ ಕಾಂಗರೂ ಇರಬೇಕು ಅನ್ನುತ್ತಾನೆ, ಅದರ ಜೊತೆಗೆ ಇನ್ನೊಂದು ಬೇಕಲ್ಲ ಅಂತ ಕಾಡೆಲ್ಲ ಹುಡುಕುತ್ತಾನೆ. ಕೊನೆಗೆ ಕರಡಿ ಅನ್ನುತ್ತಾನೆ. ಬಾಯಮ್ಮ ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು. "ಇವ ಎಂತ ಗಂಡಸು ಮಾರಾಯ್ತಿ, ಸ್ವಂತ ಮಗುವಿನ ಗುರುತು ಸಿಗುವುದಿಲ್ಲವಾ?" ಅಂದರು.

ಅಷ್ಟರಲ್ಲಿ ಒಂದು ಸಾಲು ಬಂತು. ಹತ್ತು ವರ್ಷ ಕಳೆದ ಮೇಲೆ ಆದಾಮ ಬರೆಯುತ್ತಾನೆ: ಕಿರಿಮಗ ಹೇಬೆಲ ಒಳ್ಳೆ ಹುಡುಗ, ಕಾಯಿನ ಮಾತ್ರ ಕರಡಿಯಾಗೇ ಉಳಿದಿದ್ದರೆ ಇನ್ನೂ ಸುಧಾರಿಸುತ್ತಿದ್ದ. ನಾನು ನಗುತ್ತಾ ಹೇಳಿದೆ. ಬಾಯಮ್ಮ ನಗಲಿಲ್ಲ. ಫೋರ್ಕ್ ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಂಡರು. "ಅವನಿಗೆ ಇನ್ನೂ ಗೊತ್ತಿಲ್ಲ ಅಲ್ವಾ, ಪಾಪ" ಅಂದರು. ಕಾಯಿನ ಮುಂದೆ ತಮ್ಮನನ್ನೇ ಕೊಲ್ಲುತ್ತಾನೆ ಅನ್ನುವುದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಆದರೆ ಆ ಕ್ಷಣಕ್ಕೆ ಹೊಳೆದಿರಲಿಲ್ಲ. ಮಾಸ್ತರೇ, ಆದಿಕಾಂಡವನ್ನು ನಂಬಿ ಓದಿದವರಿಗೆ ಈ ಪುಸ್ತಕ ನನಗಿಂತ ಜಾಸ್ತಿ ಸಿಗುತ್ತದೆ. ಅದಕ್ಕೇ ನೀವು ಓದಬೇಕು ಅಂತ ನನ್ನ ಆಸೆ.

ನಿಮ್ಮ ಅನುಮಾನಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಟ್ವೇನ್ 1909ರಲ್ಲಿ, ಸಾಯುವ ಹಿಂದಿನ ವರ್ಷ, ಸೈತಾನ ಭೂಮಿಯಿಂದ ದೇವದೂತರಿಗೆ ಕಾಗದ ಬರೆಯುವ ಹಾಗೆ ಇನ್ನೊಂದು ಪುಸ್ತಕ ಬರೆದ. ಅದು ನಿಜಕ್ಕೂ ಕಟು, ಅಲ್ಲಿ ಅವನ ಸಿಟ್ಟು ನೇರವಾಗಿ ಧರ್ಮದ ಮೇಲೆ. ಮಗಳು ಕ್ಲಾರಾ ಎಷ್ಟೋ ವರ್ಷ ಅದನ್ನು ಅಚ್ಚು ಮಾಡಲು ಬಿಡಲಿಲ್ಲ, ಹೊರಗೆ ಬಂದದ್ದು 1962ರಲ್ಲಿ. ಅದನ್ನು ಓದಿ ನೀವು ಸಿಟ್ಟಾದರೆ ನಾನು ವಾದಕ್ಕೆ ಬರುವುದಿಲ್ಲ. ಈ ಎರಡು ಡೈರಿಗಳನ್ನು ಮಾತ್ರ ಅದರ ಜೊತೆ ಸೇರಿಸಬೇಡಿ.

ಪ್ರಶ್ನೆ (ಉಪ್ಪಿನಂಗಡಿ): ನಮ್ಮ ದೇವರನ್ನು ಹೀಗೆ ಮಾಡಿದ್ದರೆ ನೀವು ಸುಮ್ನೆ ಇರುತ್ತಿದ್ದಿರಾ?

ಉತ್ತರ: ನಿಮ್ಮ ಊರಿನ ಕಡೆ ಆಟ ನೋಡಿಯೇ ಬೆಳೆದಿರುತ್ತೀರಿ. ಯಕ್ಷಗಾನದಲ್ಲಿ ದೇವೇಂದ್ರನ ಒಡ್ಡೋಲಗಕ್ಕೆ ದೂತನ ವೇಷ ಹಾಕಿ ಹಾಸ್ಯಗಾರ ಬಂದರೆ ದೇವೇಂದ್ರನ ಗತಿ ಏನಾಗುತ್ತದೆ ಅಂತ ನಾನು ಹೇಳಬೇಕಾ? ಆ ಆಟ ಹರಕೆಯದ್ದೇ ಆಗಿರುತ್ತದೆ, ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆ ಮಾಡಿಯೇ ಶುರುವಾಗಿರುತ್ತದೆ. ನಿಂದಾಸ್ತುತಿ ಅಂತ ದೇವರನ್ನು ಬೈದು ಹಾಡುವ ಒಂದು ಬಗೆಯೇ ನಮ್ಮಲ್ಲಿದೆ. ನಾವು ಸುಮ್ನೆ ಇದ್ದೇವೆ ಅಷ್ಟೇ ಅಲ್ಲ, ಬೆಳಗಿನ ತನಕ ಕೂತು ನೋಡಿದ್ದೇವೆ.

ಪ್ರಶ್ನೆ (ಧಾರವಾಡ): ಅಕ್ಕಾ, ನಾನು ಎಂ.ಎ. ಓದುತ್ತಿದ್ದೇನೆ. ನೀವು ಹೇಳಿದಿರಿ ಅಂತ ಆದಾಮನ ದಿನಚರಿ ತೆಗೆದೆ, ನಾಲ್ಕು ಪುಟಕ್ಕೇ ಮುಚ್ಚಿಟ್ಟೆ. ಹೆಂಗಸು ಅಂದರೆ ಬರೀ ಮಾತು, ಗಂಡಸಿಗೆ ತಲೆನೋವು, ಇದೇ ಹಳೇ ಜೋಕಿಗೆ ನಾನು ಯಾಕೆ ನಗಬೇಕು?

ಉತ್ತರ: ನಗಬೇಡ. ಆದರೆ ಪುಸ್ತಕ ಮುಚ್ಚಿಟ್ಟದ್ದು ಅರ್ಧದಲ್ಲಿ. ನಾಲ್ಕು ಪುಟದಲ್ಲಿ ನಿನಗೆ ಸಿಕ್ಕಿದ್ದು ಗಂಡನ ಮಾತು ಮಾತ್ರ. ಹೆಂಡತಿಯ ಮಾತು ಕೇಳದೆ ಯಾವ ಮನೆಯ ಜಗಳವಾದರೂ ಅರ್ಥ ಆಗುತ್ತದಾ?

ಆದಾಮನ ದಿನಚರಿ ಮೊದಲು ಅಚ್ಚಾದದ್ದು 1893ರಲ್ಲಿ, ನಯಾಗರ ಜಲಪಾತಕ್ಕೆ ಬರುವ ಪ್ರವಾಸಿಗರಿಗೆ ಅಂತ ತಂದ ಒಂದು ಪುಸ್ತಕದಲ್ಲಿ. ಏದೆನ್ ತೋಟ ನಯಾಗರದ ಪಕ್ಕದಲ್ಲಿ ಇರುವುದು ಅದಕ್ಕೇ. ಆಗ ಟ್ವೇನ್ ಸಾಲದಲ್ಲಿ ಮುಳುಗಿದ್ದ, ಮರುವರ್ಷ ದಿವಾಳಿಯೇ ಆದ. ಹವ್ವಳ ದಿನಚರಿ ಪತ್ರಿಕೆಯಲ್ಲಿ ಬಂದದ್ದು 1905ರ ಕ್ರಿಸ್ಮಸ್‌ಗೆ. ನಡುವೆ ಹನ್ನೆರಡು ವರ್ಷ. ಆ ಹನ್ನೆರಡು ವರ್ಷದಲ್ಲಿ ಬರೆದವನು ಬದಲಾಗಿದ್ದಾನೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅದು ಕಣ್ಣಿಗೇ ಕಾಣುತ್ತದೆ.

ಒಂದೇ ಉದಾಹರಣೆ ಕೊಡುತ್ತೇನೆ. ಆದಿಕಾಂಡದ 2ನೇ ಅಧ್ಯಾಯದಲ್ಲಿ ಪ್ರಾಣಿಗಳಿಗೆ ಹೆಸರಿಡುವ ಕೆಲಸ ಆದಾಮನದು. ಟ್ವೇನ್ ಅದನ್ನು ಹವ್ವಳಿಗೆ ಕೊಟ್ಟ. ಆದಾಮನ ಡೈರಿಯಲ್ಲಿ ಇದು ಒಂದು ದೂರು: ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು ಹೆಸರಿಟ್ಟು ಮುಗಿಸುತ್ತಾಳೆ, ಕೇಳಿದರೆ ಅದು ನೋಡಲು ಡೋಡೋ ಹಾಗೇ ಇದೆಯಲ್ಲ ಅನ್ನುತ್ತಾಳೆ. ಈಗ ಅದೇ ದಿನದ ಬಗ್ಗೆ ಅವಳ ಡೈರಿಗೆ ಬಾ. ಅವನಿಗೆ ಹೆಸರಿಡುವುದು ಬರುವುದಿಲ್ಲ. ಡೋಡೋ ಹಕ್ಕಿ ಕಂಡಾಗ ಕಾಡುಬೆಕ್ಕು ಅಂದುಕೊಂಡದ್ದು ಅವನ ಕಣ್ಣಲ್ಲೇ ಗೊತ್ತಾಯಿತು. ಅವನಿಗೆ ಅವಮಾನ ಆಗಬಾರದು ಅಂತ, ಸಹಜವಾಗಿ ಬಾಯಿಗೆ ಬಂದ ಹಾಗೆ ನಾನೇ ಹೇಳಿಬಿಟ್ಟೆ, ಅವನಿಗೆ ಖುಷಿಯಾಗಿರಬೇಕು ಅಂತ ಬರೆಯುತ್ತಾಳೆ. ಅವನಿಗೆ ಕಿರಿಕಿರಿ ಅನ್ನಿಸಿದ್ದು ಅವಳ ಲೆಕ್ಕದಲ್ಲಿ ಉಪಕಾರ. ಇದನ್ನು ಓದಿದ ಮೇಲೆ ಮೊದಲ ಡೈರಿಗೆ ವಾಪಸ್ ಹೋದರೆ ಅಲ್ಲಿ ನಗೆಪಾಟಲು ಆಗುವವನು ಅವನೇ.

ಇನ್ನೂ ಇದೆ. ನಕ್ಷತ್ರ ಬೇಕು ಅಂತ ಮಣ್ಣುಹೆಂಟೆ ಎಸೆದು ಉದುರಿಸಲು ನೋಡುತ್ತಾಳೆ. ಚಂದ್ರ ಮುಳುಗಿದರೆ ಯಾರೋ ಸರಿಯಾಗಿ ಕಟ್ಟಿರಲಿಲ್ಲ, ಜಾರಿ ಬಿತ್ತು ಅಂತ ಮರುಗುತ್ತಾಳೆ. ಬೆಂಕಿ ಕಂಡುಹಿಡಿಯುವವಳು ಅವಳು. ಮಾತಾಡಲು ಯಾರೂ ಇಲ್ಲದಾಗ ಕೊಳದ ನೀರಿನಲ್ಲಿ ಕಂಡ ತನ್ನ ನೆರಳನ್ನೇ ಗೆಳತಿ ಮಾಡಿಕೊಳ್ಳುತ್ತಾಳೆ. ಆ ಭಾಗವನ್ನು ನಿಧಾನವಾಗಿ ಓದು. ಮಾತು ಜಾಸ್ತಿ ಅನ್ನಿಸಿಕೊಂಡ ಹುಡುಗಿಯ ಒಂಟಿತನ ಅಲ್ಲಿದೆ.

ಒಂದು ಕಡೆ ಮಾತ್ರ ನಿನ್ನ ಪರವಾಗಿ ನಾನೂ ನಿಲ್ಲುತ್ತೇನೆ. ಕೊನೆಗೆ ಮುದುಕಿಯಾದ ಹವ್ವ, ನಾನೇ ಮೊದಲು ಸಾಯಲಿ, ಅವನು ಗಟ್ಟಿ, ನಾನು ದುರ್ಬಲೆ, ಅವನಿಲ್ಲದೆ ನನ್ನ ಬಾಳು ಬಾಳೇ ಅಲ್ಲ ಅನ್ನುತ್ತಾಳೆ. ನಕ್ಷತ್ರಕ್ಕೇ ಮಣ್ಣು ಎಸೆದವಳು ಹಾಗೆ ಹೇಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಎಷ್ಟು ಸಲ ಓದಿದರೂ ಅಲ್ಲಿ ಮುಳ್ಳು ಚುಚ್ಚಿದ ಹಾಗೆ ಆಗುತ್ತದೆ. ನೀನು ಓದಿ ಮುಗಿಸಿ ಮತ್ತೆ ಬರಿ.

ಪ್ರಶ್ನೆ (ಹಾಸನ): ಚೆಸ್ಟ್‌ನಟ್ ಜೋಕು ಅಂತ ಬರೆದಿದ್ದಿರಿ, ನಮ್ಮ ಮನೆಯಲ್ಲಿ ಯಾರಿಗೂ ಅರ್ಥ ಆಗಲಿಲ್ಲ. ದೇವರು ತಿನ್ನಬೇಡ ಅಂದ ಆ ಹಣ್ಣು ಸೇಬು ಅಲ್ವಾ?

ಉತ್ತರ: ತಪ್ಪು ನನ್ನದು, ಬಿಡಿಸಿ ಹೇಳಬೇಕಿತ್ತು. ಬೈಬಲ್ಲಿನಲ್ಲಿ ಹಣ್ಣು ಅಂತ ಮಾತ್ರ ಇದೆ, ಸೇಬು ಅಂತ ಇಲ್ಲ. ಸೇಬು ಆಮೇಲೆ ಯೂರೋಪಿನವರು ಸೇರಿಸಿದ್ದು. ಚೆಸ್ಟ್‌ನಟ್ ಅಂದರೆ ಒಂದು ಥರದ ಬೀಜದ ಕಾಯಿ, ಅಲ್ಲಿಯವರು ಸುಟ್ಟು ತಿನ್ನುತ್ತಾರೆ. ಇಂಗ್ಲಿಷ್ ಆಡುಮಾತಿನಲ್ಲಿ ಕೇಳಿ ಕೇಳಿ ಸಾಕಾದ ಹಳೇ ಜೋಕಿಗೂ ಅದೇ ಹೆಸರು.

ಟ್ವೇನ್ ಕತೆಯಲ್ಲಿ ಹವ್ವ ಹಣ್ಣು ತಿಂದು ತೋಟದ ನೆಮ್ಮದಿ ಹಾಳಾಗುತ್ತದೆ. ಸ್ವಲ್ಪ ದಿನ ಆದ ಮೇಲೆ ಅವಳು ಬಂದು, ಇದಕ್ಕೆಲ್ಲ ಕಾರಣ ನೀನೇ ಅಂತ ಗಂಡನಿಗೆ ಹೇಳುತ್ತಾಳೆ. ಸರ್ಪ ಹೇಳಿತಂತೆ, ನಿಷೇಧ ಇದ್ದದ್ದು ಸೇಬಿಗೆ ಅಲ್ಲ, ಚೆಸ್ಟ್‌ನಟ್‌ಗೆ. ನಾನು ಅದನ್ನು ಮುಟ್ಟೇ ಇಲ್ಲವಲ್ಲ ಅನ್ನುತ್ತಾನೆ ಆದಾಮ. ಅಲ್ಲ, ಅದರ ಅರ್ಥ ಹಳೇ ಜೋಕು ಅಂತ, ಹಣ್ಣು ತಿಂದ ಹೊತ್ತಿಗೆ ನೀನು ಯಾವುದಾದರೂ ಜೋಕು ಮಾಡಿದೆಯಾ? ಅವನ ಮುಖ ಸಣ್ಣದಾಗುತ್ತದೆ. ಜಲಪಾತ ನೋಡಿ, ಇಷ್ಟು ನೀರು ಕೆಳಗೆ ಬೀಳುವುದೇ ಇಷ್ಟು ಚೆಂದ, ಮೇಲಕ್ಕೆ ಬಿದ್ದಿದ್ದರೆ ಇನ್ನೆಷ್ಟು ಚೆಂದ ಅಂತ ಮನಸ್ಸಿನಲ್ಲೇ ಅಂದುಕೊಂಡು ನಕ್ಕಿದ್ದ. ಅದೇ ಅಂತೆ ಸೃಷ್ಟಿಯ ಜೊತೆಗೇ ಹುಟ್ಟಿದ ಮೊದಲ ಹಳೇ ಜೋಕು.

ಕನ್ನಡಕ್ಕೆ ತರುವವರು ಇಲ್ಲಿ ಕಷ್ಟಪಡುತ್ತಾರೆ. ನನ್ನ ಸಲಹೆ ಒಂದು ಇದೆ. ನಮ್ಮಲ್ಲಿ ಅನ್ನವೂ ಹಳಸುತ್ತದೆ, ಜೋಕೂ ಹಳಸುತ್ತದೆ. ಬೇಡ ಅಂದದ್ದು ಹಣ್ಣನ್ನಲ್ಲ, ಹಳಸಿದ್ದನ್ನು ಅಂತ ಸರ್ಪದ ಬಾಯಲ್ಲಿ ಹೇಳಿಸಿದರೆ ಆಯಿತು. ನಾನು ಹಳಸಿದ್ದು ತಿಂದೇ ಇಲ್ಲ ಅಂತ ಆದಾಮ ಆಣೆ ಇಡಬಹುದು.

ಪ್ರಶ್ನೆ (ಬೆಂಗಳೂರು): ಈ ಪುಸ್ತಕವನ್ನು ಅಮೆರಿಕದಲ್ಲೇ ನಿಷೇಧ ಮಾಡಿದ್ದರಂತೆ. ದೇವರನ್ನು ಹಾಸ್ಯ ಮಾಡಿದ್ದಕ್ಕಾ?

ಉತ್ತರ: ಇಡೀ ಅಮೆರಿಕದಲ್ಲಿ ಅಲ್ಲ, ಒಂದು ಊರಿನ ಗ್ರಂಥಾಲಯದಲ್ಲಿ. ಕಾರಣವೂ ಮಾತಲ್ಲ, ಚಿತ್ರ. ಹವ್ವಳ ದಿನಚರಿ 1906ರಲ್ಲಿ ಪುಸ್ತಕವಾದಾಗ ಲೆಸ್ಟರ್ ರಾಲ್ಫ್ ಅನ್ನುವ ಕಲಾವಿದ 55 ರೇಖಾಚಿತ್ರ ಬರೆದುಕೊಟ್ಟಿದ್ದ. ಏದೆನ್ ತೋಟ ಅಂದ ಮೇಲೆ ಹವ್ವ ಮೈಮೇಲೆ ಬಟ್ಟೆ ಇಲ್ಲದೆ ಇದ್ದಾಳೆ, ಬೈಬಲ್ಲೂ ಅದನ್ನೇ ಹೇಳುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಚಾರ್ಲ್‌ಟನ್ ಊರಿನ ಗ್ರಂಥಾಲಯದ ಟ್ರಸ್ಟಿಗಳಿಗೆ ಅದು ಸರಿ ಕಾಣಲಿಲ್ಲ, ಅದೇ ವರ್ಷ ಪುಸ್ತಕ ಹೊರಗೆ ಹಾಕಿದರು. ಮತ್ತೆ ಒಳಗೆ ಬಂದದ್ದು 2011ರಲ್ಲಿ, 105 ವರ್ಷ ಆದ ಮೇಲೆ. ಚಿತ್ರಗಳನ್ನು ನಾನು ನೋಡಿದ್ದೇನೆ. ತೆಳು ಗೆರೆಗಳು, ತುಂಬಾ ಮೃದು. ಕಾಪಿರೈಟ್ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟಿನಲ್ಲಿ ಚಿತ್ರಗಳ ಸಮೇತ ಪುಕ್ಕಟೆ ಸಿಗುತ್ತದೆ. ನೀವೇ ನೋಡಿ ಹೇಳಿ.

ಪ್ರಶ್ನೆ (ಮೈಸೂರು): ಟ್ವೇನ್‌ಗೆ ಆದಾಮನ ಮೇಲೆ ಯಾಕಿಷ್ಟು ಕಣ್ಣು?

ಉತ್ತರ: ಕಣ್ಣು ಅಲ್ಲ ಸಾರ್, ಸಲಿಗೆ. ಮಿಸೌರಿಯ ಹ್ಯಾನಿಬಲ್ ಊರಿನಲ್ಲಿ ಸಂಡೇ ಸ್ಕೂಲಿಗೆ ಹೋಗಿ ಬೆಳೆದ ಹುಡುಗ ಅವನು, ಈ ಕತೆಗಳು ಅವನಿಗೆ ನಮ್ಮ ಅಜ್ಜಿ ಕತೆಗಳ ಹಾಗೆ. 1869ರಲ್ಲಿ ಬಂದ ಪ್ರವಾಸದ ಪುಸ್ತಕದಲ್ಲಿ, ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚಿನಲ್ಲಿ ಆದಾಮನ ಗೋರಿ ಅಂತ ತೋರಿಸಿದ ಜಾಗದಲ್ಲಿ ನಿಂತು, ಇಷ್ಟು ದೂರದ ಊರಲ್ಲಿ ನಮ್ಮ ನೆಂಟನೊಬ್ಬ ಸಿಕ್ಕಿದನಲ್ಲ ಅಂತ ಅತ್ತೆ ಅಂತ ಬರೆದಿದ್ದಾನೆ. 1879ರಲ್ಲಿ ಹೆಂಡತಿಯ ತವರೂರು ಎಲ್ಮೈರಾದಲ್ಲಿ ಆದಾಮನಿಗೆ ಒಂದು ಸ್ಮಾರಕ ಕಟ್ಟಬೇಕು ಅಂತ ಅರ್ಜಿ ಬೇರೆ ತಯಾರಾಯಿತು. ತಮಾಷೆಗೆ ಶುರುವಾದದ್ದು, ಊರಿನ ಕೆಲವರು ನಿಜ ಅಂತಲೇ ಹಿಡಿದುಕೊಂಡರು. ಸ್ಮಾರಕ ಆಗಲಿಲ್ಲ.

ಪ್ರಶ್ನೆ (ಶಿವಮೊಗ್ಗ): ಮನೆಯವಳು ಹೋಗಿ ಮೂರು ವರ್ಷ ಆಯಿತು. ಮಾತು ಜಾಸ್ತಿ ಅಂತ ನಾನೂ ಅವಳ ಮೇಲೆ ರೇಗುತ್ತಿದ್ದೆ. ಈಗ ಮನೆಯಲ್ಲಿ ಮಾತಾಡುವುದು ಟೀವಿ ಒಂದೇ. ನೀವು ಬರೆದಿದ್ದ ಆ ಕೊನೆ ಸಾಲನ್ನು ಟ್ವೇನ್ ಹೆಂಡತಿ ಇದ್ದಾಗ ಬರೆದನೋ, ಹೋದ ಮೇಲೋ?

ಉತ್ತರ: ಹೋದ ಮೇಲೆ ಸಾರ್.

ಹೆಂಡತಿಯ ಹೆಸರು ಒಲಿವಿಯಾ, ಮನೆಯಲ್ಲಿ ಲಿವಿ. 1870ರಲ್ಲಿ ಮದುವೆ. ಅವನು ಬರೆದದ್ದನ್ನು ಮೊದಲು ಓದುತ್ತಿದ್ದವಳು ಅವಳು, ಇದು ಬೇಡ ಅಂದರೆ ತೆಗೆದು ಹಾಕುತ್ತಿದ್ದ. 1904ರ ಜೂನ್ 5ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡಳು. ಹವ್ವಳ ದಿನಚರಿ ಬಂದದ್ದು ಮರುವರ್ಷ. ಪುಸ್ತಕದ ಹೆಚ್ಚಿನ ಭಾಗ ಹವ್ವ ಬರೆದದ್ದು, ನಡುವೆ ಆದಾಮನ ಡೈರಿಯ ಒಂದು ತುಣುಕು ಇದೆ, ಕೊನೆಯ ಸಾಲೂ ಆದಾಮನದು, ಅವಳ ಗೋರಿಯ ಹತ್ತಿರ ಹೇಳಿದ್ದು: ಅವಳು ಎಲ್ಲಿದ್ದಳೋ, ಏದೆನ್ ಅಲ್ಲೇ ಇತ್ತು.

ಮೊದಲ ಡೈರಿಯ ಕೊನೆಯಲ್ಲೂ ಆದಾಮ ಒಂದು ಮಾತು ಹೇಳಿದ್ದ. ಶುರುವಿನಲ್ಲಿ ಇವಳ ಬಗ್ಗೆ ನಾನು ತಪ್ಪು ತಿಳಿದಿದ್ದೆ, ಇವಳಿಲ್ಲದೆ ತೋಟದ ಒಳಗೆ ಇರುವುದಕ್ಕಿಂತ ಇವಳ ಜೊತೆ ತೋಟದ ಹೊರಗೆ ಇರುವುದೇ ಮೇಲು ಅಂತ. ಆಗ ಲಿವಿ ಬದುಕಿದ್ದಳು. ಅವಳು ಮಾತಾಡದೆ ಸುಮ್ಮನಾಗಿಬಿಟ್ಟರೆ ನನಗೆ ಸಂಕಟವಾಗುತ್ತದೆ ಅಂತಲೂ ಅಲ್ಲೇ ಬರೆದಿದ್ದಾನೆ.

ನೀವು ರೇಗಿದ್ದು ನಿಮ್ಮ ಮನೆಯವರಿಗೆ ಹೇಗೆ ಕೇಳಿಸಿರಬಹುದು ಅಂತ ನನಗೆ ಹೇಳಲು ಬರುವುದಿಲ್ಲ. ಕಾಗದದಲ್ಲಿ ನೀವು ಅವರ ಬಗ್ಗೆ ಎರಡೇ ಸಾಲು ಬರೆದಿದ್ದೀರಿ. ಇನ್ನೂ ಬರೆಯಬೇಕು ಅನ್ನಿಸಿದರೆ ಬರೆಯಿರಿ, ಉದ್ದ ಆದರೂ ಪರವಾಗಿಲ್ಲ. ಅಚ್ಚು ಮಾಡುವುದಿಲ್ಲ, ನಾನು ಓದುತ್ತೇನೆ.

ಪ್ರಶ್ನೆ (ಉಡುಪಿಯವರು, ಈಗ ಕುವೈತ್): ರಾತ್ರಿ ಮಲಗುವಾಗ ಮಗಳಿಗೆ ಆ ಮೀನು, ಕಾಂಗರೂ ಭಾಗ ಹೇಳಿದೆ. ಒಂಬತ್ತು ವರ್ಷದವಳು. ನಕ್ಕು ಮುಗಿಸಿ, ಹಾಗಾದರೆ ಆದಾಮನಿಗೆ ಹೊಕ್ಕುಳ ಇತ್ತಾ ಅಂತ ಕೇಳಿದಳು. ಅವನು ಅಮ್ಮನ ಹೊಟ್ಟೆಯಿಂದ ಬಂದವನೇ ಅಲ್ಲವಲ್ಲ? ನಾನು ಮಲಗು ಅಂದೆ. ಏನು ಹೇಳಲಿ?

ಉತ್ತರ: ಮಲಗು ಅನ್ನಬೇಡಿ, ಈ ಪ್ರಶ್ನೆಗೆ ದೊಡ್ಡ ದೊಡ್ಡವರೇ ನಿದ್ದೆಗೆಟ್ಟಿದ್ದಾರೆ. ಥಾಮಸ್ ಬ್ರೌನ್ ಅಂತ ಇಂಗ್ಲೆಂಡಿನ ವೈದ್ಯ 1646ರಲ್ಲಿ, ಚಿತ್ರಕಾರರು ಆದಾಮನಿಗೆ ಹೊಕ್ಕುಳ ಬರೆಯುವುದು ತಪ್ಪು ಅಂತ ಒಂದು ಅಧ್ಯಾಯವನ್ನೇ ಬರೆದ. ಫಿಲಿಪ್ ಗಾಸ್ ಅನ್ನುವ ಜೀವಶಾಸ್ತ್ರಜ್ಞ 1857ರಲ್ಲಿ, ಇಲ್ಲ, ಇದ್ದೇ ಇತ್ತು, ದೇವರು ಎಲ್ಲವನ್ನೂ ಮೊದಲೇ ಬೆಳೆದ ಹಾಗೇ ಸೃಷ್ಟಿ ಮಾಡಿದ ಅಂತ ಇಡೀ ಪುಸ್ತಕ ಬರೆದ, ಅದರ ಹೆಸರೇ ಗ್ರೀಕಿನಲ್ಲಿ ಹೊಕ್ಕುಳ. ಇವರಿಬ್ಬರಿಗಿಂತ ಮೊದಲೇ ಮೈಕೆಲೇಂಜಲೋ ರೋಮಿನ ಸಿಸ್ಟೀನ್ ಚಾಪೆಲ್‌ನ ಚಾವಣಿಯಲ್ಲಿ ದೇವರ ಬೆರಳಿಗೆ ಕೈ ಚಾಚಿದ ಆದಾಮನನ್ನು ಬರೆದಿದ್ದ. ಆ ಚಿತ್ರ ಫೋನಿನಲ್ಲೇ ಸಿಗುತ್ತದೆ, ದೊಡ್ಡದು ಮಾಡಿ ತೋರಿಸಿ. ಅವನು ಹೊಕ್ಕುಳ ಬರೆದಿದ್ದಾನೆ. ಯಾಕೆ ಬರೆದ ಅಂತ ಮಗಳು ಮುಂದಿನ ಪ್ರಶ್ನೆ ಕೇಳುತ್ತಾಳೆ. ಅವಳು ಏನು ಹೇಳಿದಳು ಅಂತ ನನಗೂ ಬರೆದು ಕಳಿಸಿ.